ಇಪ್ಪತ್ತೆರಡರ ವಿಮಾನ

೧೨ ಫೆಬ್ರವರಿ ೨೦೨೨, ಶನಿವಾರ

ಎರಡನೇ ಶನಿವಾರ. ಕೋರ್ಟಿಗೆ ರಜೆ, ನನಗಿಲ್ಲ. ಬೆಳಿಗ್ಗೆ ಆರೂವರೆಗೇ ಇವರ ಡಿಕ್ಟೇಶನ್ ಶುರು. ವಾರವೆಲ್ಲ ಜಡ್ಜ್ ಹೇಳಿದ್ದು ಬರೆದುಕೊಳ್ಳುವುದು, ವಾರದ ಕೊನೆಗೆ ಗಂಡ ಹೇಳಿದ್ದು. ಸ್ಟೆನೋ ಕೆಲಸಕ್ಕೆ ಸೇರಿದಾಗ ಹೀಗೆಂದು ಯಾರೂ ಹೇಳಿರಲಿಲ್ಲ.

ನಾಳಿನ ಅಂಕಣ: 'ಯುದ್ಧ ಆಗುವುದಿಲ್ಲ'. ರಷ್ಯಾ ಗಡಿಯಲ್ಲಿ ಸೈನ್ಯ ನಿಲ್ಲಿಸಿರುವುದು ನ್ಯಾಟೋ ಕೂಟವನ್ನು ಮಾತುಕತೆಗೆ ಎಳೆಯಲು, ಉಕ್ರೇನಿನೊಳಗೆ ನುಗ್ಗಲು ಅಲ್ಲ. ಹೆದರಿಸುತ್ತಿರುವುದು ಪಶ್ಚಿಮದ ಟಿ.ವಿ. ಚಾನೆಲ್‌ಗಳು. ಚೆನ್ನಾಗಿದೆ. ಒಂದು ವಾಕ್ಯ ತಿದ್ದುವ ಹಾಗಿಲ್ಲ. ಮೂವತ್ತು ವರ್ಷ ಲಾ ಕಾಲೇಜಿನಲ್ಲಿ ಅಂತರರಾಷ್ಟ್ರೀಯ ಕಾನೂನು ಕಲಿಸಿದವರು. ವಸಿಷ್ಠ ಸರ್ ಬರೆದಿದ್ದಾರೆ ಅಂದರೆ ಊರಿನ ಅರ್ಧ ವಕೀಲರು ಓದುತ್ತಾರೆ.

ಟೈಪ್ ಮಾಡುವಾಗ 'ಕೀವ್' ಬಂದಲ್ಲೆಲ್ಲ ಬೆರಳು ನಿಂತಿತು. ಸಮನ್ವಿತಾ ಇರುವುದು ಅಲ್ಲೇ. ಎಂ.ಬಿ.ಬಿ.ಎಸ್. ಮೂರನೇ ವರ್ಷ. ಒಬ್ಬಳೇ ಮಗಳು.

ಕೇಳಿದೆ, ಅಕಸ್ಮಾತ್ ಆದರೆ? 'ಅಕಸ್ಮಾತ್ ಅನ್ನೋದು ವಾದ ಅಲ್ಲ ಕಣೇ' ಅಂದರು. ಮುಂದಿನ ಪ್ಯಾರಾ ಹೇಳಿದರು.

೧೫ ಫೆಬ್ರವರಿ, ಮಂಗಳವಾರ

ಉಕ್ರೇನಿನಲ್ಲಿರುವ ನಮ್ಮ ರಾಯಭಾರ ಕಚೇರಿಯ ಪ್ರಕಟಣೆ. ಅಲ್ಲಿ ಇರಲೇಬೇಕಾದ ಅಗತ್ಯವಿಲ್ಲದವರು, ಮುಖ್ಯವಾಗಿ ವಿದ್ಯಾರ್ಥಿಗಳು, ಸದ್ಯಕ್ಕೆ ಹೊರಡುವ ಯೋಚನೆ ಮಾಡಬಹುದು. ಬಹುದು ಅಂತೆ.

ಸಮನ್ವಿತಾ ವಿಡಿಯೋ ಕಾಲ್ ಮಾಡಿದಳು. ಹಾಸ್ಟೆಲಿನಲ್ಲಿ ಕೆಲವರು ಸೂಟ್‌ಕೇಸ್ ಕಟ್ಟುತ್ತಿದ್ದಾರೆ, ಕಾಲೇಜಿನವರು ಮಾತ್ರ ಕ್ಲಾಸ್ ತಪ್ಪಿಸಿದರೆ ಹಾಜರಿ ಇಲ್ಲ ಅನ್ನುತ್ತಿದ್ದಾರೆ. ಇವರು ಫೋನ್ ತೆಗೆದುಕೊಂಡು ಇಪ್ಪತ್ತು ನಿಮಿಷ ಧೈರ್ಯ ಹೇಳಿದರು. ಫೋನ್ ಇಟ್ಟ ಮೇಲೆ ಅನ್ನ ಕಲಸಿಕೊಂಡೇ ಕೂತಿದ್ದರು. ತಿನ್ನಲಿಲ್ಲ.

೧೮ ಫೆಬ್ರವರಿ, ಶುಕ್ರವಾರ

ಕೋರ್ಟಿನಿಂದ ಬಂದಾಗ ಲ್ಯಾಪ್‌ಟಾಪ್ ಮುಂದೆ ಇದ್ದರು. ಟಿಕೆಟ್ ಆಗಿದೆ ಅಂದರು. ಕೀವ್‌ನಿಂದ ದೆಹಲಿಗೆ ವಿಶೇಷ ವಿಮಾನ, ಇಪ್ಪತ್ತೆರಡಕ್ಕೆ.

ಕುರ್ಚಿ ಎಳೆದುಕೊಂಡು ಕೂತೆ.

'ಯಾರಿಗೂ ಹೇಳ್ಬೇಡ ರಂಜನಿ. ನನ್ನ ಅಭಿಪ್ರಾಯ ಬದಲಾಗಿಲ್ಲ. ನಿನ್ನ ಸಮಾಧಾನಕ್ಕೆ ಕರೆಸ್ತಿದೀನಿ, ಅಷ್ಟೇ.'

ನಾನು ಕೇಳಿಯೇ ಇರಲಿಲ್ಲ. ಕೇಳುವ ಧೈರ್ಯ ಇರಲಿಲ್ಲ. ಆದರೂ ಹೂಂ ಅಂದೆ. ನನ್ನ ಹೆಸರಿನಲ್ಲಿ ಬರುತ್ತಾಳೋ, ಇವರ ಹೆಸರಿನಲ್ಲಿ ಬರುತ್ತಾಳೋ — ಬಂದರೆ ಸಾಕು. ಮಗಳಿಗೂ ಅದೇ ಅಪ್ಪಣೆ ಆಗಿದೆಯಂತೆ: ಗೆಳತಿಯರಿಗೆ ಹೇಳಬೇಡ.

೧೯ ಫೆಬ್ರವರಿ, ಶನಿವಾರ

ಬರೆಯಲೋ ಬೇಡವೋ.

ಸಂಜೆ ಐದೂವರೆಗೆ ಊರಾಚೆಯ ಇಲವಾಲದಿಂದ ಶಿವರಾಮು ಬಂದಿದ್ದ. ಸಾರಿಗೆ ಬಸ್ಸಿನ ಡ್ರೈವರ್. ಅವನ ಮಗಳು ಅಂಬುಜಾ ಖಾರ್ಕಿವ್‌ನಲ್ಲಿ ಮೆಡಿಕಲ್ ಓದುತ್ತಿದ್ದಾಳೆ. ಇಬ್ಬರು ಹುಡುಗಿಯರೂ ಮೊದಲ ಸಲ ಹೋಗಿದ್ದು ಒಂದೇ ವಿಮಾನದಲ್ಲಿ, ಏರ್‌ಪೋರ್ಟಿನಲ್ಲಿ ಪರಿಚಯ. ಆಮೇಲೆ ವರ್ಷಕ್ಕೆರಡು ಸಲ ಅವರೆಕಾಯಿಯೋ ಸೀಬೆಹಣ್ಣೋ ತಂದು ಕೊಟ್ಟು, ಎರಡು ಮಾತಾಡಿ ಹೋಗುತ್ತಾನೆ.

ಇವತ್ತು ಕೈಯಲ್ಲಿ ಮಡಿಸಿದ ಪೇಪರ್. ಇವರ ಅಂಕಣ. ಕುರ್ಚಿಯ ತುದಿಯಲ್ಲಿ ಕೂತ. ಇಪ್ಪತ್ತೆರಡರ ವಿಮಾನಕ್ಕೆ ಇನ್ನೂ ಸೀಟು ಇದೆಯಂತೆ, ಏಜೆಂಟ್ ರಾತ್ರಿಯೊಳಗೆ ಹೇಳಿ ಅಂದಿದ್ದಾನಂತೆ. ಮಗಳು ಹೆದರಿದ್ದಾಳೆ. ಆದರೆ ಕ್ಲಾಸ್ ತಪ್ಪಿದರೆ ಒಂದು ವರ್ಷವೇ ಹೋಗುತ್ತದೆ ಅಂತಲೂ ಹೇಳುತ್ತಾಳೆ.

'ನೀವು ಬರ್ದಿರೋದ ಮೂರ್ ಸಲ ಓದ್ದೆ ಸಾ. ನಂಗೆ ಅರ್ಥ ಆಗದು ಕಮ್ಮಿ. ನೀವೇ ಒಂದ್ಮಾತು ಹೇಳ್ಬುಡಿ. ಕರೆಸ್ಲಾ, ಬುಡ್ಲಾ?'

ಕಾಫಿ ತಂದವಳು ಬಾಗಿಲಲ್ಲೇ ನಿಂತೆ. ಇವರು ನನ್ನ ಕಡೆ ನೋಡಲಿಲ್ಲ. ಗಾಬರಿ ಬೇಡ, ಹತ್ತು ದಿನದಲ್ಲಿ ತಣ್ಣಗಾಗುತ್ತದೆ, ಮಗುವಿನ ಓದು ಕೆಡಿಸಬೇಡಿ ಅಂದರು. ನಿಧಾನವಾಗಿ, ಪಾಠ ಹೇಳುವ ದನಿಯಲ್ಲಿ.

ಶಿವರಾಮು ಮುಖ ಅರಳಿತು. 'ನಿಮ್ ಮಗಳೂ ಅಲ್ಲೇ ಅವ್ಳಲ್ಲ ಸಾ. ಆ ಒಂದ್ ಧೈರ್ಯ ನಮ್ಗೆ.'

ಕಾಫಿ ಕೊಟ್ಟೆ. ಸಕ್ಕರೆ ಸಾಕಾ ಅಂತ ಕೇಳಿದೆ. ಅಷ್ಟೇ ಕೇಳಿದ್ದು. ಗೇಟಿನ ತನಕ ಹೋದೆ. ಚಪ್ಪಲಿ ಹಾಕಿಕೊಳ್ಳುತ್ತ ಬರ್ತೀನಿ ಅಮ್ಮಾವ್ರೆ ಅಂದ. ಹೂಂ ಅಂದೆ. ಬೀದಿ ತಿರುವಿನಲ್ಲಿ ಏಜೆಂಟಿಗೆ ಫೋನ್ ಮಾಡುತ್ತ ಹೋಗುತ್ತಿದ್ದುದು ಕಾಣಿಸಿತು. ಓಡಿ ಹೋಗಿ ಕೂಗಬಹುದಿತ್ತು.

೨೩ ಫೆಬ್ರವರಿ, ಬುಧವಾರ

ಬಂದಳು. ತೆಳ್ಳಗಾಗಿದ್ದಾಳೆ. ತಲೆಗೆ ಎಣ್ಣೆ ಹಚ್ಚಿ ನೀರು ಹಾಕಿದೆ. ಮಹಡಿ ರೂಮಿನಲ್ಲಿ ಇರಲಿ ಅಂದರು ಇವರು. ಯಾರಾದರೂ ನೋಡಿದರೆ ಕ್ವಾರಂಟೈನ್ ಅನ್ನಬೇಕಂತೆ. ಭಾನುವಾರ ಕಳೆದ ಮೇಲೆ ನೋಡೋಣ ಅಂದರು. ಭಾನುವಾರ ಇವರ ಭಾಷಣ ಇದೆ.

೨೪ ಫೆಬ್ರವರಿ, ಗುರುವಾರ. ಬೆಳಿಗ್ಗೆ ೧೧

ಆಗಿದೆ. ಕೀವ್, ಖಾರ್ಕಿವ್ — ಎರಡೂ ಕಡೆ ಬಾಂಬ್. ನಮ್ಮವರನ್ನು ಕರೆತರಲು ಇವತ್ತು ದೆಹಲಿಯಿಂದ ಹೊರಟಿದ್ದ ವಿಮಾನ ಅರ್ಧ ದಾರಿಯಿಂದ ವಾಪಸ್ ಬರುತ್ತಿದೆಯಂತೆ.

ಸಮನ್ವಿತಾ ಟಿ.ವಿ. ಮುಂದೆ ನಿಂತೇ ಇದ್ದಾಳೆ. ಇವರು ಪೂಜೆ ಮುಗಿಸಿ ಬಂದು ನೋಡಿದರು. ವಾಲ್ಯೂಮ್ ಕಮ್ಮಿ ಮಾಡಿದರು, ಪಕ್ಕದ ಮನೆಗೆ ಕೇಳಿಸುತ್ತೆ ಅಂತ.

ಶಿವರಾಮುವಿಂದ ಇವರಿಗೆ ನಾಲ್ಕು ಮಿಸ್ಡ್ ಕಾಲ್.

೨೭ ಫೆಬ್ರವರಿ, ಭಾನುವಾರ

ಅಗ್ರಹಾರದಲ್ಲಿ ಶಾಮಣ್ಣನವರ ಪುಸ್ತಕದಂಗಡಿಯ ಮೇಲಿನ ಹಾಲ್. ಇವರ ಭಾಷಣವನ್ನೇ ಈಗ ಎರಡು ಭಾನುವಾರದ ಚರ್ಚೆ ಮಾಡಿದ್ದಾರೆ: ಇವತ್ತು 'ಆಕ್ರಮಣದ ಕಾರಣ', ಮುಂದೆ ೧೩ಕ್ಕೆ 'ಆಕ್ರಮಣದ ಕಾನೂನು'. ನಿಲ್ಲಲೂ ಜಾಗವಿರಲಿಲ್ಲ. ಶಾಮಣ್ಣನವರಿಗಾಗಿ ಶಾರ್ಟ್‌ಹ್ಯಾಂಡ್‌ನಲ್ಲಿ ಬರೆದುಕೊಂಡೆ.

ಯುದ್ಧ ಆಗುವುದಿಲ್ಲ ಅಂದಿದ್ದನ್ನು ಇವರು ಒಂದೇ ವಾಕ್ಯದಲ್ಲಿ ದಾಟಿಸಿದರು. ಆಮೇಲೆ ಕಾರಣಗಳು. ನ್ಯಾಟೋ ಪೂರ್ವಕ್ಕೆ ಹಬ್ಬಿದ್ದು, ಉಕ್ರೇನಿನ ಪೂರ್ವಕ್ಕಿರುವ ಡಾನ್ಬಾಸಿನ ಎಂಟು ವರ್ಷದ ಗುಂಡಿನ ಕಾಳಗ, ಉಳಿಸಿಕೊಳ್ಳದ ಒಪ್ಪಂದಗಳು. ಪಶ್ಚಿಮದವರು ಇರಾಕಿಗೆ ನುಗ್ಗಿದಾಗ ಕಾನೂನು ಎಲ್ಲಿತ್ತು ಅಂತ ಕೇಳಿದರು. ಚಪ್ಪಾಳೆ.

ಎದುರು ಯಶೋಧಾ. ಇವರದೇ ಶಿಷ್ಯೆ, ಈಗ ವಕೀಲೆ. ಅವಳಪ್ಪ ಮಂಟೇಸ್ವಾಮಿ, ಮಾರ್ಕೆಟ್ಟಿನಲ್ಲಿ ಮೂಟೆ ಹೊತ್ತು ಓದಿಸಿದವರು. ಸರ್ ಹೇಳಿದ ಕಾರಣಗಳಲ್ಲಿ ಒಂದನ್ನೂ ಅಲ್ಲಗಳೆಯುವುದಿಲ್ಲ ಅಂದಳು. ಇರಾಕಿನದೂ ತಪ್ಪೇ, ಅದು ಇದಕ್ಕೆ ಲೈಸೆನ್ಸ್ ಅಲ್ಲ. ತನ್ನ ಮೇಲೆ ದಾಳಿಯಾದಾಗ, ಇಲ್ಲವೇ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಒಪ್ಪಿದಾಗ — ಈ ಎರಡು ಬಾಗಿಲು ಬಿಟ್ಟರೆ ಬಲಪ್ರಯೋಗಕ್ಕೆ ಬೇರೆ ಬಾಗಿಲಿಲ್ಲ ಅಂತ ವಿಶ್ವಸಂಸ್ಥೆಯ ಸನ್ನದಿನಲ್ಲೇ ಇದೆ. 'ನನಗೆ ಆಗದೋರನ್ನ ಪಕ್ಕದ ಮನೆಯವನು ಊಟಕ್ಕೆ ಕರೆದ. ನನ್ನ ಸಿಟ್ಟಿಗೆ ಅದು ಕಾರಣ, ನಿಜ. ಅವನ ಬಾಗಿಲು ಒಡೆಯೋಕೆ ಅಪ್ಪಣೆ ಅಲ್ಲ. ಈ ವ್ಯತ್ಯಾಸ ನನಗೆ ಕಲಿಸಿದ್ದು ಸರ್.'

ಪ್ರಶ್ನೆಗಳ ಹೊತ್ತು. ಹಿಂದಿನ ಸಾಲಿನಲ್ಲಿ ಖಾಕಿ ಬಟ್ಟೆ ಎದ್ದು ನಿಂತಿತು. ಶಿವರಾಮು. ಡ್ಯೂಟಿಯಿಂದ ನೇರ ಬಂದಿದ್ದ.

'ಕಾನೂನು ನಂಗೆ ಗೊತ್ತಿಲ್ಲ ಸಾ. ನನ್ ಮಗಳು ಮೆಟ್ರೋ ನೆಲಮಾಳಿಗೆಲಿ ಕೂತವ್ಳೆ. ನಿಮ್ ಮಗಳೂ ಅಂಗೇ ಅಲ್ವಾ. ಫೋನ್ ಸಿಕ್ತಾ ನಿಮ್ಗೆ? ಎಂಗವ್ಳೆ?'

ಹಾಲ್ ಇಡೀ ಇವರ ಕಡೆ ತಿರುಗಿತು. ಮಗಳು ಕೀವ್‌ನಲ್ಲಿದ್ದಾಳೆ ಅಂತ ಬಹಳ ಜನಕ್ಕೆ ಅವನ ಬಾಯಿಂದಲೇ ಗೊತ್ತಾಗಿದ್ದು.

'ಫೋನ್ ಮಾಡಿದಾಳೆ. ಧೈರ್ಯವಾಗಿದಾಳೆ' ಅಂದರು.

ಅದನ್ನೂ ಬರೆದುಕೊಂಡೆ. ಕೈ ತಾನಾಗಿ ಬರೆಯಿತು. ಶಾಮಣ್ಣ ಮೈಕ್ ಹಿಡಿದು, ಮಗಳನ್ನು ಬೆಂಕಿಯಲ್ಲಿ ಬಿಟ್ಟು ಬಂದೂ ಸಮಚಿತ್ತ ಕಳೆದುಕೊಳ್ಳದ ತಂದೆ ಅಂದರು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಶಿವರಾಮು ಕೂಡ. ಮೆಟ್ಟಿಲಿಳಿಯುವಾಗ ಯಶೋಧಾ ನನ್ನ ಕೈ ಹಿಡಿದು ಕ್ಷಮೆ ಕೇಳಿದಳು, ಇಂಥ ಹೊತ್ತಿನಲ್ಲಿ ಸರ್ ವಿರುದ್ಧ ಮಾತಾಡಬಾರದಿತ್ತು ಅಂತ.

ಮನೆಗೆ ಬಂದಾಗ ಸಮನ್ವಿತಾ ಮೊಸರನ್ನ ತಿನ್ನುತ್ತ ಕೂತಿದ್ದಳು.

೧ ಮಾರ್ಚ್, ಮಂಗಳವಾರ

ಶಿವರಾತ್ರಿ. ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಸಿಕ್ಕಿ ನಮ್ಮ ರಾಜ್ಯದ ಹುಡುಗನೊಬ್ಬ ಹೋದ. ಟಿ.ವಿ.ಯಲ್ಲಿ ಅವನ ಫೋಟೋ. ಅಂಬುಜಾ ಓದುವ ಊರು ಅದು.

ಸಮನ್ವಿತಾ ಕೆಳಗೆ ಬಂದಳು. ಅಂಬುಜಾ ಯಾವಾಗಲೋ ಬಂದಿರಬೇಕು ಅಂದುಕೊಂಡಿದ್ದಳಂತೆ. ಇಲ್ಲ ಅಂದೆ. ಯಾಕೆ ಅಂದಳು. ಹೇಳಿದೆ. ಎಲ್ಲ ಹೇಳಿದೆ, ಕಾಫಿ ಕೊಟ್ಟಿದ್ದು ಸೇರಿಸಿ.

ಅಳಲಿಲ್ಲ. 'ಅವರ ಮನೆಗೆ ನೀನು ಹೇಳ್ತೀಯಾ ಅಮ್ಮ, ನಾನು ಹೇಳ್ಲಾ?'

೨ ಮಾರ್ಚ್, ಬುಧವಾರ. ಸಂಜೆ

ರಾಯಭಾರ ಕಚೇರಿಯ ಹೊಸ ಪ್ರಕಟಣೆ. ಖಾರ್ಕಿವ್‌ನಲ್ಲಿರುವ ಭಾರತೀಯರೆಲ್ಲ ಈ ಕ್ಷಣವೇ ಊರು ಬಿಡಬೇಕು, ಗಾಡಿ ಸಿಗದಿದ್ದರೆ ನಡೆದಾದರೂ. ಈ ಸಲ 'ಬಹುದು' ಇಲ್ಲ. ಅಲ್ಲಿನ ಗಂಟೆ ಆರರ ಒಳಗೆ. ಹತ್ತಿರದ ಹಳ್ಳಿ ಹನ್ನೊಂದು ಕಿಲೋಮೀಟರ್. ಹಿಮ ಬೀಳುತ್ತಿದೆ.

ನಾಳೆ ಹಾಫ್ ಡೇ ಹಾಕಿ ಇಲವಾಲಕ್ಕೆ. ಇವರಿಗೆ ಹೇಳಿಲ್ಲ.

೩ ಮಾರ್ಚ್, ಗುರುವಾರ

ಬಸ್ಸಿನಲ್ಲಿ ಹೇಳಬೇಕಾದ ಮಾತನ್ನು ಹತ್ತು ಸಲ ಜೋಡಿಸಿದೆ. ಅವರ ಮನೆ ಬಾಗಿಲಲ್ಲಿ ಒಂದೂ ಉಳಿಯಲಿಲ್ಲ.

ಶಿವರಾಮು ಜಗಲಿಯಲ್ಲಿದ್ದ, ಶೇವ್ ಮಾಡಿರಲಿಲ್ಲ. ಹೆಂಡತಿ ಪುಟ್ಟಬಸಮ್ಮ ಚಾಪೆ ಹಾಸಿದಳು, ನನ್ನ ಭುಜ ಮುಟ್ಟಿ 'ನಿಮ್ದೂ ನಮ್ದೂ ಒಂದೇ ಸಂಕಟ ಕಣವ್ವ' ಅಂದಳು. ನಿನ್ನೆ ಸಂಜೆ ಐದೂವರೆಗೆ ಅಂಬುಜಾಳ ಕಡೆಯ ಫೋನ್. ನಡೆಯಲು ಶುರು ಮಾಡಿದ್ದೀವಿ ಅಂದಳಂತೆ. ಆಮೇಲೆ ಸ್ವಿಚ್ ಆಫ್.

ಕೂರಲಿಲ್ಲ. ನಿಂತೇ ಹೇಳಿದೆ. ಸಮನ್ವಿತಾ ಮನೆಯಲ್ಲಿದ್ದಾಳೆ.

ಪುಟ್ಟಬಸಮ್ಮನಿಗೆ ಮೊದಲು ಸಂತೋಷವೇ ಆಯಿತು. ಯಾವಾಗ ಬಂದಳು, ಹೇಗೆ ಬಂದಳು ಅಂದಳು. ಇಪ್ಪತ್ತೆರಡರ ವಿಮಾನ ಅಂದೆ. ಅವಳ ಕೈ ನನ್ನ ಭುಜದ ಮೇಲಿಂದ ಇಳಿಯಿತು.

ಶಿವರಾಮು ನೆಲ ನೋಡುತ್ತ ಕೇಳಿದ. 'ಟಿಕೇಟು ಯಾವತ್ತು ಮಾಡ್ಸುದ್ರಿ ಅಮ್ಮಾವ್ರೆ?'

'ಹದಿನೆಂಟು.'

'ನಾನು ಬಂದಿದ್ದು ಹತ್ತೊಂಬತ್ತು.'

ಅದು ಪ್ರಶ್ನೆ ಆಗಿರಲಿಲ್ಲ. ಹೊಡೆದಿದ್ದರೆ, ಬೈದಿದ್ದರೆ… ಎದ್ದು ಶರ್ಟ್ ಹಾಕಿಕೊಂಡ. ಮೇನ್ ರೋಡಿನ ತನಕ ನನ್ನ ಜೊತೆ ನಡೆದ. ಬಸ್ಸಿಗೆ ಕೈ ಅಡ್ಡ ಹಿಡಿದು ನಿಲ್ಲಿಸಿದ. 'ಹತ್ತಿ. ಇದು ಹೋದ್ರೆ ಇನ್ನರ್ಧ ಗಂಟೆ ಇಲ್ಲ.'

ಮನೆಗೆ ಬಂದು ಇವರಿಗೆ ಹೇಳಿದೆ. ನನ್ನನ್ನ ಕೇಳದೆ ಅಂತ ಶುರು ಮಾಡಿದವರು ಅಲ್ಲಿಗೇ ಬಿಟ್ಟರು. ಶಿವರಾಮು ಏನಂದ ಅಂದರು.

ಬಸ್ ಹತ್ತಿ ಅಂದ — ಅಂದೆ.

೬ ಮಾರ್ಚ್, ಭಾನುವಾರ

ಅಂಬುಜಾ ಬದುಕಿದ್ದಾಳೆ.

ಯಶೋಧಾ ಫೋನ್ ಮಾಡಿದಳು. ಮೂರು ದಿನದಿಂದ ಶಿವರಾಮು ಪರವಾಗಿ ಸರ್ಕಾರದ ಕಂಟ್ರೋಲ್ ರೂಮಿಗೆ ಫೋನ್ ಮಾಡುತ್ತಲೇ ಇದ್ದಳಂತೆ. ನಡೆಯುವಾಗ ರಸ್ತೆ ಪಕ್ಕ ಶೆಲ್ ಬಿದ್ದಿದೆ. ಫೋನ್ ಅಲ್ಲೇ ಹೋಯಿತು. ಜೊತೆಯ ಹುಡುಗರು ಎತ್ತಿಕೊಂಡೇ ಹಳ್ಳಿ ಮುಟ್ಟಿಸಿದ್ದಾರೆ. ಈಗ ಬಸ್ಸಿನಲ್ಲಿ ಗಡಿಯ ಕಡೆ. ಎಡಗಿವಿ ಕೇಳುತ್ತಿಲ್ಲ. ಬಲಗಿವಿಯೂ ಪೂರ್ತಿ ಇಲ್ಲ.

ಸಮನ್ವಿತಾ ಮನೆಯಲ್ಲಿರುವುದು ಯಶೋಧಾಳಿಗೆ ಗೊತ್ತಾಗಿದೆ. ನನ್ನನ್ನು ಏನೂ ಕೇಳಲಿಲ್ಲ. ಮೇಡಂ ಅನ್ನಲೂ ಇಲ್ಲ.

ಇವರಿಗೆ ಹೇಳಿದಾಗ ದೇವರ ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ಮಂತ್ರ ಕೇಳಿಸಲಿಲ್ಲ.

೧೩ ಮಾರ್ಚ್, ಭಾನುವಾರ. ೧೦.೫೦. ಹಾಲ್‌ನಲ್ಲಿ

ಶಾರ್ಟ್‌ಹ್ಯಾಂಡ್ ಬೇಡ ಅಂದಿದ್ದೆ. ಆದರೂ ಡೈರಿ ತೆಗೆದೆ. ಕೈ ಸುಮ್ಮನಿರುತ್ತಿಲ್ಲ.

ಇವರು ಬರದೇ ಇರಬಹುದಿತ್ತು. ಹುಷಾರಿಲ್ಲ ಅಂತ ಹೇಳಿಬಿಡಿ ಅಂದೆ. ಬೆಳಿಗ್ಗೆ ಎರಡು ಸಲ ಬಟ್ಟೆ ಬದಲಿಸಿದರು, ಬಂದರು. ಸಮನ್ವಿತಾಳೂ ಬಂದಳು, ನನ್ನ ಪಕ್ಕ. ಅವಳನ್ನು ನೋಡಿ ಜನ ಒಬ್ಬರ ಕಿವಿಯಲ್ಲಿ ಒಬ್ಬರು ಹೇಳಿಕೊಳ್ಳುತ್ತಿದ್ದಾರೆ.

ಯಶೋಧಾ ಮುಗಿಸಿದಳು. ಬರೀ ಕಾನೂನು. ಇವರ ಹೆಸರೇ ಎತ್ತಲಿಲ್ಲ. ಇವರು ಮಾತಾಡಿದ್ದು ಆರೇ ನಿಮಿಷ. ಕಾಗದ ನೋಡಿಕೊಂಡು. ಎಂದೂ ನೋಡಿದವರಲ್ಲ.

ಶಿವರಾಮು ಎದ್ದ. ಮುಂದೆ ಬರುತ್ತಿದ್ದಾನೆ. ಕೈಯಲ್ಲಿ ಮೊಬೈಲ್, ವಿಡಿಯೋ ಕಾಲ್ ಆನ್. ಮಗಳು ದೆಹಲಿ ಆಸ್ಪತ್ರೆಯಲ್ಲಿ ಇದ್ದಾಳೆ, ಅವಳೇ ಕೇಳ್ತಾಳಂತೆ ಅಂದ. ಶಾಮಣ್ಣ ಮೈಕ್ ಕೊಟ್ಟರು. ಫೋನನ್ನು ಮೈಕಿಗೆ ಹಿಡಿದ.

'ನಮಸ್ಕಾರ ಸಾರ್. ನಾನು ಅಂಬುಜಾ. ನೀವು ಸ್ವಲ್ಪ ಜೋರಾಗಿ ಹೇಳ್ಬೇಕು, ನಂಗೆ ಕಿವಿ ಸರಿಯಾಗಿ ಕೇಳ್ಸಲ್ಲ.' ಕೆಮ್ಮು. 'ಒಂದೇ ಪ್ರಶ್ನೆ. ಸಮನ್ವಿತಾನ ಬಾ ಅಂದಾಗ, ಏನು ಕಾರಣ ಹೇಳಿ ಕರೆಸ್ಕೊಂಡ್ರಿ?'

ಕೆಳಗೆ ಬೀದಿಯಲ್ಲಿ ಆಟೋ ಹೋಯಿತು. ಸಮನ್ವಿತಾ ನನ್ನ ಮಣಿಕಟ್ಟು ಹಿಡಿದಿದ್ದಾಳೆ, ಬರೆಯುವುದು ಕಷ್ಟ. ಅವಳಿಗೆ ಉತ್ತರ ಗೊತ್ತು. ನನಗೆ ಗೊತ್ತಿಲ್ಲ, ಎಂದೂ ಕೇಳಿಲ್ಲ.

ಇವರು ಎದ್ದಿದ್ದಾರೆ. ಕಾಗದ ಕೆಳಗಿಟ್ಟರು. ಮೈಕಿನ ಹತ್ತಿರ ಬಾಗಿದರು. 'ಅಂಬುಜಾ' ಅಂದರು. ಅವಳಿಗೆ ಕೇಳಿಸಲಿಲ್ಲ. ಇನ್ನೊಂದು ಸಲ, ಜೋರಾಗಿ, 'ಅಂಬುಜಾ. ನಾನು ಅವಳಿಗೆ ಹೇಳಿದ್ದು — ಯುದ್ಧ ಆಗಬಹುದು, ಬಂದುಬಿಡು ಅಂತ.'