ಹನ್ನೊಂದನೇ ಕಾಲಂನ ಶತ್ರು

ಮದ್ದೂರಿನ ವೀರಯೋಧರ ಕಂಬದ ಸಮಿತಿಯ ಕಾರ್ಯದರ್ಶಿಗಳಾದ ಮಾನ್ಯರೇ,

ನನ್ನ ಅಣ್ಣನ ಹೆಸರು ಆ ಕಂಬದ ಮೇಲೆ ಇಲ್ಲ, ತಮ್ಮ ಹೆಸರು ಇದೆ. ತಾವು ಯಾವ ಯುದ್ಧದಲ್ಲಿ ಹೋರಾಡಿದಿರಿ ಎಂದು ಕೇಳಲು ನಾನು ಬರೆಯುತ್ತಿಲ್ಲ. ಅದು ಉದ್ಘಾಟಕರ ಸಾಲು ಎಂದು ನನಗೆ ಗೊತ್ತು. ಗೊತ್ತಿಲ್ಲದವಳು ನಮ್ಮವ್ವ. ಅವಳ ವಿಷಯಕ್ಕೆ ಆಮೇಲೆ ಬರುತ್ತೇನೆ, ಮೊದಲು ಶತ್ರುವಿನ ವಿಷಯ ಇತ್ಯರ್ಥವಾಗಲಿ.

ಅಣ್ಣ ಮಹದೇವು ಸೇನೆಯಲ್ಲಿ ಹವಾಲ್ದಾರ್, ಕೆಲಸ ಅಡುಗೆ. ಹಿಮ ಬೀಳುವ ಬೆಟ್ಟದ ಮೇಲಿನ ಶಿಬಿರವೊಂದರಲ್ಲಿ ಬೆಳಗಿನ ಚಹಾ ಕಾಯಿಸುವಾಗ ಗ್ಯಾಸ್ ಸಿಲಿಂಡರಿಗೆ ಬೆಂಕಿ ಹತ್ತಿತು. ಪಕ್ಕದಲ್ಲಿ ಸೀಮೆಎಣ್ಣೆಯ ಪೀಪಾಯಿಗಳು, ಅದರಾಚೆ ಮೂವತ್ತೊಂಬತ್ತು ಜನ ಇನ್ನೂ ಮಲಗಿದ್ದ ಗುಡಾರ. ನಮ್ಮಪ್ಪ ಮರಿಸಿದ್ದಯ್ಯ ಗೆಜ್ಜಲಗೆರೆ ಕಡೆಯ ಆಲೆಮನೆಗಳಲ್ಲಿ ಬೆಲ್ಲದ ಕೊಪ್ಪರಿಗೆಗೆ ಉರಿ ಹಾಕಿಯೇ ಜೀವ ಸವೆಸಿದವನು. ಮಗನಿಗೆ ಅವನು ಕಲಿಸಿದ್ದು ಒಂದೇ ಪಾಠ: “ಬೆಂಕಿಗೆ ಬೆನ್ ತೋರುಸ್ಬ್ಯಾಡ ಕಣ್ಲಾ, ಒದ್ದೆ ಗೋಣಿ ತೋರ್ಸು.” ಅಣ್ಣ ಆಲೂಗಡ್ಡೆಯ ಗೋಣಿಚೀಲಗಳನ್ನು ನೀರಿಗೆ ಅದ್ದಿ, ಸಿಲಿಂಡರಿಗೆ ಸುತ್ತಿ, ಅಪ್ಪಿಕೊಂಡು ಅರವತ್ತು ಹೆಜ್ಜೆ ನಡೆದು ಹಿಮದ ಹಳ್ಳಕ್ಕೆ ಎಸೆದ. ಅಂಗೈ ಚರ್ಮ ಅದರ ಜೊತೆಗೇ ಹೋಯಿತು. ಸೇನೆ ಶೌರ್ಯಪದಕ ಕೊಟ್ಟು, ಶತ್ರು ಎದುರಿಗಿಲ್ಲದ ವೇಳೆ ತೋರಿದ ಧೈರ್ಯಕ್ಕಾಗಿ ಎಂದು ಪ್ರಶಸ್ತಿಪತ್ರದಲ್ಲಿ ಬರೆಯಿತು. ಆ ಒಂದು ಮಾತೇ ತಮ್ಮ ಕಚೇರಿಯಲ್ಲಿ ನಮಗೆ ಮುಳುವಾಯಿತು.

ಪದಕ ಪಡೆದವರ ಹೆಸರನ್ನು ಕಂಬದ ಮೇಲೆ ಕೆತ್ತಿಸಲು ಸಮಿತಿಯದೊಂದು ಅರ್ಜಿ ನಮೂನೆ ಇದೆಯಲ್ಲ, ಅದರ ಹನ್ನೊಂದನೇ ಕಾಲಂ “ಶತ್ರುವಿನ ಹೆಸರು ಮತ್ತು ದೇಶ”. ರಜೆಗೆ ಬಂದಿದ್ದ ಅಣ್ಣ ಅದನ್ನು ಖಾಲಿ ಬಿಟ್ಟ. ತಮ್ಮ ಗುಮಾಸ್ತ ರಘುನಂದನ್ ಅರ್ಜಿ ವಾಪಸ್ ಕೊಟ್ಟರು. “ಕಾಲಂ ಖಾಲಿ ಬುಟ್ರೆ ಕಂಪ್ಯೂಟ್ರು ತಗಳದೇ ಇಲ್ಲ ಮೇಡಂ. ಏನಾರ ಒಂದು ಸತ್ರು ಬರೀರಿ.”

“ಇಲ್ದಿರೋ ಶತ್ರುನ ಎಲ್ಲಿಂದ ತರ್ಲಪ್ಪ?” ಎಂದೆ.

“ಎಲ್ರಿಗೂ ಇರ್ತಾರೆ ಬುಡಿ ಮೇಡಂ” ಎಂದರು. ಅನುಭವದ ಮಾತು ಇದ್ದಿರಬೇಕು.

ಅಣ್ಣ ಪ್ರಾಮಾಣಿಕ. “ಸಿಲಿಂಡರ್” ಎಂದು ಬರೆದ. ದೇಶ ನಮೂದಿಸಿಲ್ಲ ಎಂದು ಎರಡನೇ ಸಲ ವಾಪಸ್ ಬಂತು. ಸಿಲಿಂಡರ್ ಇಲ್ಲಿಯದೇ ಆದ್ದರಿಂದ “ಭಾರತ” ಎಂದು ಬರೆದ. ಶತ್ರು ಸ್ವದೇಶಿಯಾಗಿದ್ದಲ್ಲಿ ಪ್ರಕರಣವು ಪೊಲೀಸರ ವ್ಯಾಪ್ತಿಗೆ ಬರುವುದರಿಂದ ಠಾಣೆಯ ನಿರಾಕ್ಷೇಪಣಾ ಪತ್ರ ಲಗತ್ತಿಸತಕ್ಕದ್ದು ಎಂದು ಮೂರನೇ ಸಲ ವಾಪಸ್ ಬಂತು. ಠಾಣೆಯ ಮುಖ್ಯಪೇದೆ ಅರ್ಜಿಯನ್ನು ಎರಡು ಸಲ ಓದಿ, ನಮ್ಮಿಬ್ಬರ ಮುಖ ನೋಡಿ, ಚಹಾ ತರಿಸಿಕೊಟ್ಟು ಕಳುಹಿಸಿದರು. ಮಾನ್ಯರೇ, ಬೆಂಕಿ ಯಾವ ದೇಶದ ಪ್ರಜೆ? ಗಡಿಯಾಚೆಯಿಂದ ಪಾಸ್‌ಪೋರ್ಟ್ ಹಿಡಿದು ಬಂದಿದ್ದರೆ ಮಾತ್ರ ಅದು ಸುಡುತ್ತದೆಯೇ?

ಇದೆಲ್ಲ ನಡೆಯುತ್ತಿರುವಾಗಲೇ ಕಂಬದ ಉದ್ಘಾಟನೆ ಬಂತು. ಎರಡು ದಿನ ಮೊದಲು ತಮ್ಮ ಕಚೇರಿಯಿಂದ ಅಣ್ಣನಿಗೆ ಫೋನು. ಅವ್ವ ಬೆಳ್ಳಮ್ಮ ಕೇರಿಗೆಲ್ಲ ಸಾರಿಕೊಂಡು ಬಂದಳು, ನನ್ನ ಮಗನನ್ನು ಕರೆದಿದ್ದಾರೆ ಎಂದು. ಕರೆದದ್ದು ನಿಜ. ಒಪ್ಪಿಕೊಂಡಿದ್ದ ಅಡುಗೆಯವನು ಕೈಕೊಟ್ಟಿದ್ದ, “ಎಂಗೂ ನೀವು ಅಡ್ಗೆಯೋರೇ ಅಲ್ವಾ” ಎಂದು ಎಂಟುನೂರು ಜನರಿಗೆ ಮುದ್ದೆ, ಉಪ್ಸಾರು ಮಾಡಲು ಕರೆದಿದ್ದರು. ನನಗೆ ಮೈಯೆಲ್ಲ ಉರಿಯಿತು. ಹೋಗಬೇಡ ಎಂದೆ. ಅವನು ನಕ್ಕ. “ಜನ ಉಣ್ಣೋದು ಕಣವ್ವ, ನಾನು ಮುನುಸ್ಕಂಡ್ರೆ ಅವ್ರ ಒಟ್ಟೆ ತುಂಬ್ತದಾ?” ಎಂದು ಏಪ್ರನ್ ಹುಡುಕಿಕೊಂಡು ಹೋದ.

ಅಂದು ವೇದಿಕೆಯ ಮೇಲೆ ಏನಾಯಿತೆಂದು ತಮಗೆ ನೆನಪಿಸಬೇಕೆ? ಎದೆಗೊಟ್ಟು ನಿಲ್ಲುವವನೇ ವೀರ ಎಂದು ತಾವು ಭಾಷಣ ಮಾಡುತ್ತಿದ್ದಿರಿ. ಶಾಮಿಯಾನದ ಹಿಂದಿನ ಅಡುಗೆ ಜಾಗದಲ್ಲಿ ಸಿಲಿಂಡರಿನ ಪೈಪು ಭಗ್ಗೆಂದಿತು. “ನಿಲ್ಲು” ಎಂಬ ಮಾತು ಮೈಕಿನಲ್ಲಿ ಉಳಿಯಿತು, ತಾವು ಉಳಿಯಲಿಲ್ಲ. ಅರವತ್ತರ ಹತ್ತಿರದವರು ಎರಡು ಸಾಲು ಕುರ್ಚಿ ಹಾರಿದ್ದನ್ನು ನಾನು ಅದೇ ಮೊದಲು ಕಂಡದ್ದು. ಅದಕ್ಕೂ ಒಂದು ಪದಕ ಇದ್ದಿದ್ದರೆ ಶಿಫಾರಸು ಮಾಡುತ್ತಿದ್ದೆ.

ಅಣ್ಣನಿಗೆ ಗೋಣಿ ಬೇಕಿತ್ತು. ರಾಗಿ ಹಿಟ್ಟು, ಅಕ್ಕಿ ಎಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಬಂದಿದ್ದವು. ಕೈಗೆ ಸಿಕ್ಕಿದ್ದು ವೇದಿಕೆಯ ಹಿಂದೆ ಮೇಜಿನ ಮೇಲೆ ಪೇರಿಸಿದ್ದ ಸನ್ಮಾನದ ಶಾಲುಗಳು. ಅಷ್ಟನ್ನೂ ಬಾಚಿ ಸೊಪ್ಪು ತೊಳೆದ ನೀರಿನ ಹಂಡೆಗೆ ಅದ್ದಿದ. ಆ ಹೊತ್ತಿಗೆ ಶಾಲು ಹೊದೆಸಿ ಆಗಿದ್ದದ್ದು ಒಬ್ಬರಿಗೆ ಮಾತ್ರ, ನಿವೃತ್ತ ಸುಬೇದಾರ್ ಜವರಯ್ಯನವರಿಗೆ. ಎಂಬತ್ತು ದಾಟಿದ ಆ ಹಿರಿಯರು ಕೋಲೂರಿಕೊಂಡು ಬಂದು ಹೆಗಲ ಮೇಲಿದ್ದ ಆ ಶಾಲನ್ನೂ ತೆಗೆದುಕೊಟ್ಟರು. “ಇಡ್ಕೊ ಮಗ, ಇದುನ್ನೂ ಅದ್ದು.” ಬೆಂಕಿ ಆರಿತು. ಎಂಟುನೂರು ಜನ ಉಂಡರು. ತಾವೂ ವಾಪಸ್ ಬಂದು ಉಂಡಿರಿ, ಉಪ್ಸಾರು ಎರಡನೇ ಸಲ ಹಾಕಿಸಿಕೊಂಡಿರಿ ಎಂದು ಬಡಿಸಿದವರು ಹೇಳಿದರು. ಅಣ್ಣನಿಗೆ ಅದೇ ಸಂತೋಷ.

ಆಮೇಲೆ ತಮ್ಮ ನೋಟಿಸು ಬಂತು. “ಮಹದೇವು ಬಿನ್ ಮರಿಸಿದ್ದಯ್ಯ ಆದ ತಾವು, ಸಮಿತಿಗೆ ಸೇರಿದ ಹನ್ನೊಂದು ಶಾಲುಗಳನ್ನು ಬೆಂಕಿ ನಂದಿಸುವ ಉದ್ದೇಶಕ್ಕೆ ಅನುಮತಿಯಿಲ್ಲದೆ ಬಳಸಿರುವುದು ಕಂಡುಬಂದಿರುತ್ತದೆ. ಸದರಿ ಶಾಲುಗಳನ್ನು ಮೂಲ ಸ್ಥಿತಿಯಲ್ಲಿ ಹಿಂದಿರುಗಿಸತಕ್ಕದ್ದು.” ಅಬ್ಬಾ! ಕಲ್ಲಿನ ಮೇಲೆ ಜಾಗವಿಲ್ಲದ ಹೆಸರಿಗೆ ನೋಟಿಸಿನಲ್ಲಿ ಎಷ್ಟು ಧಾರಾಳವಾಗಿ ಜಾಗ ಸಿಕ್ಕಿತು! ತಂದೆಯ ಹೆಸರೂ ಬಿಟ್ಟಿಲ್ಲ. ಶತ್ರುವಿನ ದೇಶವನ್ನೂ ಕೇಳಿಲ್ಲ.

ಈಗ ಅವ್ವನ ವಿಷಯ. ಆ ದಿನ ಊಟ ಮುಗಿದ ಮೇಲೆ ಅವ್ವ ಕಂಬದ ಮುಂದೆ ನಿಂತಳು. ಅವಳಿಗೆ ಓದಲು ಬಾರದು. “ಎಲ್ಲವ್ವ ನನ್ ಮಗನ್ ಎಸ್ರು? ನನ್ ಬೆರಳ ಅದ್ರ ಮ್ಯಾಲೆ ಮಡುಗು” ಎಂದಳು. ಅಣ್ಣ ಅಲ್ಲೇ ಕೊಪ್ಪರಿಗೆ ತೊಳೆಯುತ್ತಿದ್ದವನು ತಲೆ ತಗ್ಗಿಸಿದ. ನಾನೇನು ಮಾಡಲಿ ಮಾನ್ಯರೇ? ಮಗನನ್ನು ಕರೆದದ್ದು ಮುದ್ದೆ ತೊಳಸಲು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅವಳ ಬೆರಳು ಹಿಡಿದು ಎಲ್ಲಕ್ಕಿಂತ ಕೆಳಗಿನ ಸಾಲಿನ ಮೇಲಿಟ್ಟೆ. ಅದು ತಮ್ಮ ಹೆಸರು. ಪದವಿಗಳೆಲ್ಲ ಸೇರಿ ಉದ್ದಕ್ಕಿದೆಯಲ್ಲ, ಅವ್ವ ಕೊನೆಯವರೆಗೂ ಸವರಿ ಹಿಗ್ಗಿದಳು. “ಅಯ್ಯೋ ನನ್ ಕಂದ, ಏಟುದ್ದ ಕೆತ್ತವ್ರೆ!”

ಅಂದಿನಿಂದ ಪ್ರತಿ ಸಂತೆಗೂ ಅವ್ವ ಬಸ್ಸಿಳಿದವಳೇ ಕಂಬದ ಹತ್ತಿರ ಹೋಗುತ್ತಾಳೆ. ಸೆರಗಿನಿಂದ ತಮ್ಮ ಹೆಸರಿನ ಧೂಳು ಒರೆಸಿ, ಒಂದು ಮೊಳ ಕನಕಾಂಬರ ಇಟ್ಟು, ದೃಷ್ಟಿ ತೆಗೆದು ಬರುತ್ತಾಳೆ. ತಮಗೆ ಇತ್ತೀಚೆಗೆ ಆರೋಗ್ಯ ಚೆನ್ನಾಗಿದ್ದರೆ ಕಾರಣ ಅದೇ ಇರಬಹುದು.

ಇಷ್ಟರಲ್ಲೇ ಮುಗಿದಿದ್ದರೆ ಸುಳ್ಳನ್ನು ನುಂಗಿಕೊಂಡು ಇರುತ್ತಿದ್ದೆ. ಆದರೆ ಮಗನ ಹೆಸರನ್ನು ತಾನೇ ಓದಬೇಕೆಂದು ಅವ್ವ, ಈ ವಯಸ್ಸಿನಲ್ಲಿ, ಊರಿನ ನಾಗಶ್ರೀ ನಡೆಸುವ ಸಾಕ್ಷರತಾ ತರಗತಿಗೆ ಸೇರಿದ್ದಾಳೆ. ಅಣ್ಣ ರಜೆ ಮುಗಿಸಿ ಬೆಟ್ಟಕ್ಕೆ ವಾಪಸಾಗಿದ್ದಾನೆ, ಫೋನಿನಲ್ಲಿ “ಬುಡವ್ವ, ಓಗ್ಲಿ” ಎನ್ನುತ್ತಾನೆ. ನಾನು ಹೇಗೆ ಬಿಡಲಿ? ನಿನ್ನೆ ಸಂಜೆ ಅವ್ವ ಸ್ಲೇಟಿನ ಮೇಲೆ ದೊಡ್ಡದಾಗಿ “ಮ” ಬರೆದು ನನ್ನ ಮುಂದೆ ಹಿಡಿದಳು. “ಇದೇ ಅಲ್ವೇನವ್ವ, ಕಂಬದಾಗೆ ನಾ ಊವ ಮಡಗ ಕಡೆ ಮೊದ್ಲು ಇರಾದು? ಸಂತೆ ದಿನ ನೋಡ್ತೀನಿ.”

ತಮ್ಮ ಸಾಲಿನ ಮೊದಲಕ್ಷರ “ಮ” ಅಲ್ಲ. ಸಂತೆಗೆ ಇನ್ನು ಐದು ದಿನವಿದೆ. ಅಷ್ಟರೊಳಗೆ ಆ ಕೆಳಗಿನ ಸಾಲು ಅಳಿಸಿ, ಅಲ್ಲಿ ಮಹದೇವು ಬಿನ್ ಮರಿಸಿದ್ದಯ್ಯ ಎಂದು ಕೆತ್ತಿಸಿ. ಹೆಸರನ್ನು ತಪ್ಪಿಲ್ಲದೆ ಬರೆಯಲು ತಮ್ಮ ಕಚೇರಿಗೆ ಬರುತ್ತದೆ, ನೋಟಿಸು ನನ್ನ ಬಳಿ ಇದೆ. ಅದು ನಿಯಮಕ್ಕೆ ವಿರುದ್ಧವೆಂದಾದರೆ ತಾವೇ ಒಂದು ಪ್ರಮಾಣಪತ್ರ ಮಾಡಿಸಿ ಮಹದೇವು ಎಂದು ಹೆಸರು ಬದಲಿಸಿಕೊಳ್ಳಿ. ಎರಡೂ ಆಗದಿದ್ದರೆ ಸಂತೆಯ ದಿನ ಹತ್ತು ಗಂಟೆಗೆ ಕಂಬದ ಹತ್ತಿರ ಬನ್ನಿ. ಹೂವು ಹಿಡಿದುಕೊಂಡು ಒಂದು ಮುದುಕಿ ನಿಂತಿರುತ್ತಾಳೆ. ಅಲ್ಲಿರುವುದು ಅವಳ ಮಗನ ಹೆಸರಲ್ಲ ಎಂದು ತಾವೇ ಹೇಳಿ. ನನ್ನಿಂದಾಗದು. ಅಲ್ಲಿ ಎದೆಗೊಟ್ಟು ನಿಂತರೆ ತಮ್ಮ ಹೆಸರು ಕಂಬದ ಮೇಲಿರುವುದಕ್ಕೂ ಒಂದು ಅರ್ಥ ಬರುತ್ತದೆ.

ಇಂತಿ,
ಊರ ಮಕ್ಕಳಿಗೆಲ್ಲ ಅಕ್ಷರ ಕಲಿಸಿ, ಹೆತ್ತವ್ವನಿಗೆ ಮಾತ್ರ ಕಲಿಸದೇ ಉಳಿದ
ಅರುಂಧತಿ
ಪ್ರೌಢಶಾಲೆಯ ಕನ್ನಡ ಶಿಕ್ಷಕಿ, ಮದ್ದೂರು ತಾಲ್ಲೂಕು