ಎರಡನೇ ನಂಬರಿನಾಂವ

ಮಂಗಳವಾರ, 11 ನವೆಂಬರ್ 2025. ಗಲ್ಫಿನ್ಯಾಗ, ಮನ್ಸೂರಾ ಏರಿಯಾದ ನನ್ನ ರೂಮು.

ಇವತ್ತು ಪ್ಲಾಂಟಿನ ಫೈರ್ ಡ್ರಿಲ್‌ನ್ಯಾಗ ಎಲ್ಲಾರೂ ನಕ್ಕರು. ತಲಿ ಎಣಿಸುವಾಗ ಸಾಲಿನ್ಯಾಗ ಮೊದಲ ನಿಂತಿದ್ದ ನಾನು "ಮೂರು" ಅಂತ ಒದರಿಬಿಟ್ಟೆ, ಅದೂ ಕನ್ನಡದಾಗ.

ಮೂರು ನನ್ನ ನಂಬರು. ಎರಡು ವರ್ಷದ ಹಿಂದ ರಜಾ ಕೂಡಿಸಿ ಇದ ಪ್ಲಾಂಟಿನ ನಾವು ಮೂವರು ಗೆಳೆಯರು ದಕ್ಷಿಣ ಅಮೆರಿಕಾಕ್ಕ ಹೋದಾಗ ಬಿದ್ದದ್ದು. ಲಾ ಪಾಜ್ ಊರಿನ ಏರಿನ್ಯಾಗ ಹತ್ತು ಹೆಜ್ಜಿಗೆ ದಮ್ಮು ಹತ್ತಿ ಹಿಂದ ಮುಂದ ಆದಾಗೆಲ್ಲಾ ಡ್ರಿಲ್‌ನಂಗನ ಎಣಿಸಿಕೋತಿದ್ವಿ. ವಿಜಯಕುಮಾರ ಒಂದು, ಶಿವಪುತ್ರ ಎರಡು. ಆಮ್ಯಾಲೆ ಒಂದು ರಾತ್ರಿ ಅಮೆಜಾನ್ ಕಾಡಿನ್ಯಾಗ ಗೈಡ್ ನಮಗ ಕತ್ತಲಿ ತೋರಸಾಕ ಬ್ಯಾಟರಿ ಆರಿಸಿದ. ನನ್ನ ಕೈ ನನಗ ಕಾಣವಲ್ದು. ವಿಜಯಕುಮಾರ "ಒಂದು" ಅಂದ. ಶಿವಪುತ್ರ ಸುಮ್ಮನ. ಕೈ ಚಾಚಿ ಅವನ್ನ ತಡಕಾಡಿದೆ. ಆಗ ಕಿವಿ ಹತ್ರನ ನಗು: "ಎರಡು ಇಲ್ಲೇ ಅದಾನಲೇ, ಈರಯ್ಯಾ!"

ವಿಜಯಕುಮಾರ ಕೆಲಸ ಬಿಟ್ಟು ಬಾಗಲಕೋಟಿಗೆ ಹೋದ. ಶಿವಪುತ್ರ ಮಸ್ಕತ್‌ಗೆ. ನಮ್ಮ ವಾಟ್ಸಾಪ್ ಗ್ರೂಪು ಎಂಟು ತಿಂಗಳಿಂದ ಮೂಕಾಗೇತಿ.

ಈಗ "ಮೂರು" ಅಂತ ಕಳಿಸಿದೆ. ತಕ್ಷಣ "ಒಂದು" ಬಂತು. ಶಿವಪುತ್ರ ನೋಡ್ಯಾನ, ಉತ್ತರ ಮಾತ್ರ ಇಲ್ಲ. ಕಳ್ಳ, ಬೇಕಂತನ ಕಾಯಸಾಕತ್ತಾನ.

ಪೆನ್ನು ಇಟ್ಟು ಲೈಟ್ ಆರಿಸ್ತೀನಿ. ಕತ್ತಲಾದ್ರನ ಅವ ಬಾಯಿ ಬಿಡಾಂವ.