ಮೂರಕ್ಕೂ ನಾಲ್ಕಕ್ಕೂ ಹನ್ನೆರಡರಲ್ಲಿ ಭೇಟಿ

ಹನುಮಂತನಗರ, ಬೆಂಗಳೂರು-19
31-1-1982, ಭಾನುವಾರ ಬೆಳಿಗ್ಗೆ

ಪ್ರೀತಿಯ ಗಂಗೂ,

ಮೊದಲು ನಿನ್ನ ಕಾಲಿನ ವಿಷಯ ಹೇಳು. ಆಸ್ಪತ್ರೆಯ ವಾರ್ಡಿನಲ್ಲಿ ದಿನವಿಡೀ ನಿಂತು ಸಂಜೆಗೆ ಕಾಲು ಊದುತ್ತದೆ ಎಂದು ಬರೆದಿದ್ದೆ. ಊರಿನವರ ಕಾಲಿಗೆಲ್ಲ ಪಟ್ಟಿ ಸುತ್ತುವ ನರ್ಸಮ್ಮನಿಗೆ ತನ್ನ ಕಾಲು ಬಿಸಿನೀರಿನಲ್ಲಿ ಇಟ್ಟುಕೊಳ್ಳಲು ಹತ್ತು ನಿಮಿಷ ಸಿಗುವುದಿಲ್ಲವೇ? ಹೆಲ್ತ್ ಈಸ್ ವೆಲ್ತ್ ಎಂದು ನಮ್ಮ ಇಂಟರ್‌ಮೀಡಿಯೆಟ್‌ನ ಇಂಗ್ಲಿಷ್ ಮೇಷ್ಟ್ರು ಹೇಳುತ್ತಿದ್ದರು. ಅದಕ್ಕೆ ಇನ್ನೊಂದು ಅರ್ಧ ಇತ್ತು, ಮರೆತುಹೋಗಿದೆ. ಅಳಿಯಂದಿರು ಶಿವಲಿಂಗಯ್ಯನವರಿಗೆ ಚಿತ್ರದುರ್ಗದ ಬಿಸಿಲು ಒಗ್ಗಿತೇ? ನನ್ನ ಬಿ.ಪಿ. ಹತೋಟಿಯಲ್ಲಿದೆ. ಉಪ್ಪಿನಕಾಯಿ ಬಿಟ್ಟಿದ್ದೇನೆ. ಪೂರ್ತಿ ಬಿಟ್ಟಿಲ್ಲ, ಆದರೆ ಬಿಟ್ಟಿದ್ದೇನೆ ಎಂದು ಇಟ್ಟುಕೋ. ಓದಲಿಕ್ಕೆಂದು ನೀವು ನನ್ನ ಬಳಿ ಬಿಟ್ಟು ಹೋದ ನಿನ್ನ ಮಗಳು ಕುಮಾರಿ ನನಗಿಂತ ಒಂದು ಹಿಡಿ ಎತ್ತರವಾಗಿದ್ದಾಳೆ. ಗಾಂಧಿ ಬಜಾರಿನಲ್ಲಿ ಹೂವಿನವಳು ಮೊನ್ನೆ "ಏನ್ ತಾತಾ, ಮೊಮ್ಮಗಳು ನಿಮ್ಮನ್ನ ಕೈ ಹಿಡ್ಕೊಂಡು ಕರ್ಕೊಂಡ್ ಬರ್ತಾಳಾ ಇವಾಗ?" ಎಂದು ಕೇಳಿದಳು. ನಾನು ನಕ್ಕೆ. ನಿಜ ಹೇಳಬೇಕೆಂದರೆ ಆ ರಸ್ತೆ ದಾಟುವಾಗ ಅವಳೇ ಹಿಡಿದುಕೊಳ್ಳುವುದು.

ಈಗ ವಿಷಯಕ್ಕೆ ಬರುತ್ತೇನೆ. ಅಕ್ಟೋಬರಿನ ಅರ್ಧವಾರ್ಷಿಕದಲ್ಲಿ ಕುಮಾರಿಗೆ ಲೆಕ್ಕದಲ್ಲಿ ಮೂವತ್ತೊಂದು ಬಂದಾಗ ನೀನು ಬರೆದ ಕಾಗದ ನನ್ನ ಮುಂದಿದೆ. ಎರಡು ಅಪ್ಪಣೆ ಕೊಟ್ಟಿದ್ದೆ. ಒಂದು, ಕಾನ್ವೆಂಟಿಗೆ ಹೋಗಿ ಅವಳ ಹೆಸರನ್ನು ಹಾಡಿನ ಗುಂಪಿನಿಂದ, ಅವರು ಕ್ವಾಯರ್ ಅನ್ನುತ್ತಾರೆ, ತಕ್ಷಣ ತೆಗೆಸಬೇಕು. ಎರಡು, ಜನವರಿ ಕೊನೆಯೊಳಗೆ ಟಿ.ಸಿ. ಅರ್ಜಿ ಕೊಡಬೇಕು, ಒಂಬತ್ತನೆಯದು ಮುಗಿದ ಕೂಡಲೇ ಹುಡುಗಿ ನಿನ್ನ ಕಣ್ಣೆದುರಿಗೆ ಚಿತ್ರದುರ್ಗದಲ್ಲಿ ಓದಬೇಕು. "ಹಾಡಿಕೊಂಡು ಇದ್ದರೆ ಎಸ್ಸೆಸ್ಸೆಲ್ಸಿ ಯಾರು ಬರೀತಾರೆ, ಸಿಸ್ಟರಾ?" ಎಂದು ಕೇಳಿದ್ದೆ. ನಾನು ನವೆಂಬರಿನಲ್ಲಿ "ಶಾಲೆಗೆ ಹೋಗಿ ಬಂದೆ" ಎಂದು ಉತ್ತರ ಬರೆದೆ. ಹೋಗಿ ಬಂದದ್ದು ನಿಜ. ಅಲ್ಲಿ ಏನಾಯಿತು ಎಂದು ಬರೆಯಲಿಲ್ಲ. ಅದನ್ನು ಈಗ ಬರೆಯುತ್ತೇನೆ. ಓದುವಾಗ ಕುಳಿತುಕೋ, ಕಾಲಿಗೂ ಒಳ್ಳೆಯದು.

ಆ ದಿನ ಕೋಟು ಹಾಕಿಕೊಂಡು ಚಾಮರಾಜಪೇಟೆಗೆ ನಡೆದೇ ಹೋದೆ. ದಾರಿಯುದ್ದಕ್ಕೂ ಒಂದು ಇಂಗ್ಲಿಷ್ ವಾಕ್ಯ ಕಟ್ಟಿಕೊಂಡೆ. ಸರ್ವೆ ಇಲಾಖೆಯಲ್ಲಿ ಮೂವತ್ತು ವರ್ಷ ಕಾಗದ ಬರೆದವನಿಗೆ ಬೇರೆ ಇಂಗ್ಲಿಷ್ ಎಲ್ಲಿಂದ ಬರಬೇಕು? "ಐ ಬೆಗ್ ಟು ಸ್ಟೇಟ್ ದಟ್ ಮೈ ಗ್ರಾಂಡ್ ಡಾಟರ್ ಈಸ್ ಹಿಯರ್‌ಬೈ ವಿತ್‌ಡ್ರಾನ್ ಫ್ರಂ ಸಿಂಗಿಂಗ್" ಎಂದು. ಬಾಯಿಪಾಠ ಆಯಿತು. ಹೋಗಿ ನೋಡಿದರೆ ಶಾಲೆಯ ಹಾಲ್‌ನಲ್ಲಿ ಕ್ರಿಸ್‌ಮಸ್ ಹಾಡುಗಳ ಅಭ್ಯಾಸ ನಡೆಯುತ್ತಿತ್ತು. ಪಿಯಾನೋ ಮುಂದೆ ಕುಳಿತಿದ್ದ ಸಂಗೀತದ ಸಿಸ್ಟರ್ ಸೆವರೀನ್, ತೆಳ್ಳಗೆ, ಗಾಳಿ ಬಂದರೆ ಹಾರಿಹೋಗುವ ಹಾಗಿದ್ದಾರೆ, ಬೆರಳು ತೋರಿಸಿ ಬೆಂಚಿನ ಮೇಲೆ ಕೂರಿಸಿದರು. ಮೂರು ಸಾಲು ಹುಡುಗಿಯರು ನಿಂತಿದ್ದರು, ಕುಮಾರಿ ಎರಡನೆಯ ಸಾಲಿನಲ್ಲಿ. ನಾನು ಬಂದದ್ದು ಯಾಕೆ ಎಂದು ಅವಳಿಗೆ ಗೊತ್ತಿತ್ತು. ನನ್ನನ್ನು ನೋಡಿ ಮುಖ ತಗ್ಗಿಸಿದಳು, ಆದರೂ ಹಾಡು ಬಿಡಲಿಲ್ಲ.

ಆ ಹಾಡು ಜೋಗುಳದ ಹಾಗೆ ಮೂರು ಮೂರು ಎಣಿಕೆಗೆ ತೂಗುವ ಹಾಡು. ನಾನು ಕಣ್ಣು ಮುಚ್ಚಿ ನನ್ನ ಹಿಯರ್‌ಬೈ ವಾಕ್ಯವನ್ನು ಒಳಗೊಳಗೇ ಹೇಳಿಕೊಳ್ಳುತ್ತಿದ್ದೆ. ಕೈಯ ಕಡೆ ಗಮನ ಇರಲಿಲ್ಲ. ನಿನ್ನ ತಾತ ಕಾಳಪ್ಪ ನಮ್ಮ ಕೇರಿಯ ಭಜನೆ ಮನೆಯಲ್ಲಿ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಾಕಿಕೊಟ್ಟ ತಾಳ ಇದೆಯಲ್ಲ, ನಾಲ್ಕರ ತಾಳ, ಹಾಡು ಕಿವಿಗೆ ಬಿದ್ದರೆ ಸಾಕು, ಕೈ ತಾನಾಗಿ ಹಾಕುತ್ತದೆ. ತೊಡೆಯ ಮೇಲೆ ಹಾಕಿದ್ದರೆ ಏನೂ ಆಗುತ್ತಿರಲಿಲ್ಲ. ಕೈ ಹೋಗಿ ಬೆಂಚಿನ ಮೇಲೆ ಬಿತ್ತು. ಬೆರಳಲ್ಲಿ ನಿಮ್ಮಮ್ಮ ಹಾಕಿಸಿದ ತಾಮ್ರದ ಉಂಗುರ. ಆ ಹಾಲ್ ಎಂಥ ಹಾಲ್ ಎಂದರೆ ಪಿನ್ನು ಬಿದ್ದರೆ ಗುಡಿಯ ಗಂಟೆಯ ಹಾಗೆ ಕೇಳಿಸುತ್ತದೆ. ಟಕ್, ಟಕ್, ಟಕ್, ಟಕ್. ಮೊದಲು ನಿನ್ನ ಮಗಳು ತಪ್ಪಿದಳಂತೆ, ಆಮೇಲೆ ಅವಳೇ ಹೇಳಿದ್ದು. ತೊಟ್ಟಿಲಿನಿಂದ ಕೇಳಿದ ತಾಳ ನೋಡು, ಅವಳ ಒತ್ತು ನಾಲ್ಕಕ್ಕೆ ಬಿತ್ತು. ಅವಳ ಹಿಂದೆ ಅವಳ ಸಾಲಿನವರೂ ಕೊನೆಯ ಸಾಲಿನವರೂ ಹೋದರು. ಮುಂದಿನ ಸಾಲು ಪಿಯಾನೋ ಜೊತೆ ಮೂರಕ್ಕೆ ಒತ್ತುವುದು, ಹಿಂದಿನ ಎರಡು ಸಾಲು ನನ್ನ ಬೆಂಚಿನ ಜೊತೆ ನಾಲ್ಕಕ್ಕೆ ಒತ್ತುವುದು. ಏಸುಸ್ವಾಮಿಯ ತೊಟ್ಟಿಲನ್ನು ಎರಡು ಕಡೆಯಿಂದ ಇಬ್ಬರು ಬೇರೆ ಬೇರೆ ತೂಗಿದ ಹಾಗಾಯಿತು. ಸಿಸ್ಟರ್ ಸೆವರೀನ್ ನುಡಿಸುತ್ತಲೇ ತಿರುಗಿ ತಿರುಗಿ ನೋಡುತ್ತಾರೆ. ನಾನು ಕಣ್ಣು ಮುಚ್ಚಿಯೇ ಇದ್ದೇನೆ, ಎಷ್ಟು ಚೆನ್ನಾಗಿ ಹಾಡುತ್ತಿದ್ದಾರೆ ಎಂದುಕೊಂಡು!

ಅಷ್ಟರಲ್ಲಿ ಹಿಂದಿನಿಂದ ಯಾರೋ ಗಟ್ಟಿಯಾಗಿ ನಕ್ಕರು. ಲೆಕ್ಕದ ಸಿಸ್ಟರ್ ಅಪೊಲಿನ್. ಕುಮಾರಿಗೆ ಮೂವತ್ತೊಂದು ಕೊಟ್ಟವರು ಇವರೇ. ಮಂಗಳೂರಿನವರು, ಗಟ್ಟಿ ಹೆಂಗಸು, ಮೂಲೆಯಲ್ಲಿ ಕುಳಿತು ಪೇಪರ್ ತಿದ್ದುತ್ತಿದ್ದರಂತೆ. ಕೆಂಪು ಪೆನ್ನು ಹಿಡಿದುಕೊಂಡೇ ಬಂದರು. "ಮಾರಾಯ್ರೇ, ನೀವು ಈಗ ಎಂತ ಮಾಡಿದ್ರಿ ಗೊತ್ತುಂಟಾ?" ಎಂದರು. ನಾನು ಎದ್ದು ನಿಂತು "ಐ ಬೆಗ್ ಟು ಸ್ಟೇಟ್" ಎಂದೆ. ಅಲ್ಲಿಗೆ ವಾಕ್ಯ ನಿಂತಿತು. ಮುಂದಿನದು ಎಲ್ಲಿಗೆ ಹೋಯಿತೋ. ಅವರು ಬಿಡಲಿಲ್ಲ. "ನಾನು ಎಣಿಸ್ತಾ ಇದ್ದೆ. ಇವರ ಮೂರೂ ನಿಮ್ಮ ನಾಲ್ಕೂ ಜಗಳ ಆಡಿ ಆಡಿ ಹನ್ನೆರಡು ಎಣಿಕೆಗೊಮ್ಮೆ ಸರೀ ಒಟ್ಟಿಗೆ ಬೀಳ್ತದೆ! ಎಲ್.ಸಿ.ಎಮ್.! ನಾನು ಇದನ್ನು ಬೋರ್ಡಿನಲ್ಲಿ ಬರ್ದು ಬರ್ದು ಸಾಯ್ತಾ ಇದ್ದೇನೆ, ಮಕ್ಕಳ ತಲೆಗೆ ಹೋಗುದಿಲ್ಲ. ನೀವು ಶನಿವಾರ ಬನ್ನಿ." ಯಾಕೆ ಎಂದು ಕೇಳಿದೆ. "ಕಲಿಸ್ಲಿಕ್ಕೆ" ಎಂದರು.

ಅಲ್ಲಿ ಶನಿವಾರ ಮಧ್ಯಾಹ್ನ ಎನ್ರಿಚ್‌ಮೆಂಟ್ ಕ್ಲಾಸ್ ಎಂದು ಒಂದಿದೆ. ಪರೀಕ್ಷೆಗೆ ಬಾರದ, ಪುಸ್ತಕದಲ್ಲಿಲ್ಲದ ವಿಷಯ ಕಲಿಸುವುದು. ಹಿಂದಿನ ವಾರ ಒಬ್ಬ ಹುಡುಗಿಯ ತಂದೆ ಬಂದು ಗಡಿಯಾರ ಬಿಚ್ಚಿ ಮತ್ತೆ ಜೋಡಿಸಿ ತೋರಿಸಿದ್ದರಂತೆ. ಒಂದು ಸ್ಕ್ರೂ ಉಳಿಯಿತಂತೆ, ಆದರೂ ಗಡಿಯಾರ ಓಡಿತಂತೆ. ಅಂಥ ಜಾಗಕ್ಕೆ ನಾನು! ಇಂಟರ್‌ಮೀಡಿಯೆಟ್ ಎರಡು ಸಲ ಕೂತು ಎರಡು ಸಲವೂ ಏಳಲಾಗದವನು. ನಮ್ಮಪ್ಪ ಊರ ಶಾಲೆಯ ಒಳಗೆ ಕಾಲಿಟ್ಟವರಲ್ಲ, ಜಗಲಿಯ ಹೊರಗೆ ಕುಳಿತು ಕಿಟಕಿಯಿಂದ ಮಗ್ಗಿ ಕೇಳಿ ಕಲಿತವರು. ಅವರ ಮಗ ಹೋಗಿ ಕರೀ ಹಲಗೆಯ ಮುಂದೆ ನಿಲ್ಲುವುದೇ? ಬೇಡ ಎಂದು ಹೇಳೋಣ ಎಂದೇ ಶನಿವಾರ ಹೋದೆ. ಶೇವ್ ಮಾಡಿಕೊಂಡು, ಹೊಸ ಪಂಚೆ ಉಟ್ಟುಕೊಂಡು ಹೋದೆ ಎಂಬುದನ್ನೂ ಬರೆದುಬಿಡುತ್ತೇನೆ.

ನಲವತ್ತು ಹುಡುಗಿಯರು ಎದ್ದು ಒಂದೇ ಸ್ವರದಲ್ಲಿ ಗುಡ್ ಆಫ್ಟರ್‌ನೂನ್ ಸರ್ ಎಂದರು. ನಾನು "ಮೈ ಡಿಯರ್ ಸ್ಟೂಡೆಂಟ್ಸ್, ಟೈಮ್ ಅಂಡ್ ಟೈಡ್ ವೇಟ್ ಫಾರ್ ನೋ ಮ್ಯಾನ್" ಎಂದು ಗಂಭೀರವಾಗಿ ಶುರು ಮಾಡಿದೆ. ಮುಂದಿನ ಬೆಂಚಿನ ಒಬ್ಬಳು, ಎರಡು ಜಡೆಯವಳು, "ಸರ್, ಹೆಂಗಸರಿಗೆ ಆದ್ರೆ ವೇಟ್ ಮಾಡತ್ತಾ?" ಎಂದಳು. ಸಿಸ್ಟರ್ ಅಪೊಲಿನ್ನೇ ಮೊದಲು ನಕ್ಕಿದ್ದು. ಅಲ್ಲಿಗೆ ನನ್ನ ಇಂಗ್ಲಿಷ್ ಮುಗಿಯಿತು, ಪಾಠ ಶುರುವಾಯಿತು. ಅರ್ಧ ತರಗತಿಗೆ ಮೂರಕ್ಕೊಂದು ಚಪ್ಪಾಳೆ, ಅರ್ಧಕ್ಕೆ ನಾಲ್ಕಕ್ಕೊಂದು. ಹನ್ನೆರಡು ಎಣಿಸಿ ಮತ್ತೆ ಒಂದಕ್ಕೆ ಬಂದಾಗ ನಲವತ್ತು ಜೊತೆ ಕೈ ಒಟ್ಟಿಗೆ ಬಿದ್ದವು ನೋಡು, ಕಿಟಕಿಯ ಪಾರಿವಾಳಗಳೆಲ್ಲ ಎದ್ದವು. ಐದಕ್ಕೂ ಏಳಕ್ಕೂ ಮಾಡಿಸಿದೆ, ಮೂವತ್ತೈದು ಎಣಿಸುವ ತನಕ ಒಬ್ಬರೂ ಉಸಿರು ಬಿಡಲಿಲ್ಲ. ನಮ್ಮಪ್ಪ ಹೊಸಬರಿಗೆ ತಾಳ ಕಲಿಸುವಾಗ "ಸೇರೋ ಜಾಗ ಗೊತ್ತಿದ್ರೆ ಬಿಟ್ಟು ಹೋಗೋಕೆ ಭಯ ಇಲ್ಲ ಕಣ್ಲಾ" ಎನ್ನುತ್ತಿದ್ದರು. ಅದನ್ನೂ ಹೇಳಿದೆ. ಆಮೇಲೆ ನಾಲ್ಕು ಮತ್ತು ಆರು ಎಲ್ಲಿ ಸೇರುತ್ತವೆ ಎಂದು ಕೇಳಿದೆ. ಜಾಣೆಯರೆಲ್ಲ ಇಪ್ಪತ್ತನಾಲ್ಕು ಎಂದು ಕೂಗಿದರು. ಹಿಂದಿನ ಬೆಂಚಿನಿಂದ ನಿನ್ನ ಮಗಳು, ಮೂವತ್ತೊಂದರ ಕುಮಾರಿ, ತೊಡೆಯ ಮೇಲೆ ಬೆರಳು ಮಡಿಸುತ್ತಾ "ಇಲ್ಲ ತಾತ, ಅವು ಅಷ್ಟು ದೂರ ಹೋಗಲ್ಲ. ಹನ್ನೆರಡಕ್ಕೇ ಸೇರ್ಕೊಂಡ್ಬಿಡ್ತವೆ. ಎರಡಕ್ಕೂ ಒಳಗಡೆ ಒಂದು ಎರಡು ಇದ್ಯಲ್ಲ!" ಎಂದಳು. ತರಗತಿಯಲ್ಲಿ ತಾತ ಎಂದದ್ದಕ್ಕೆ ಎಲ್ಲರೂ ನಕ್ಕರು. ಸಿಸ್ಟರ್ ಮಾತ್ರ ನಗಲಿಲ್ಲ. ಅವಳ ಹತ್ತಿರ ಹೋಗಿ "ಇನ್ನೊಮ್ಮೆ ಹೇಳು" ಎಂದರು.

ಅಂದಿನಿಂದ ಶುರು ಕಣಮ್ಮಾ. ಅವಳಿಗೆ ಬೀಜಗಣಿತ ಬಾರದಿದ್ದುದಲ್ಲವಂತೆ, ಅದರ ಕೆಳಗಿನ ಭಿನ್ನರಾಶಿಯೇ ಅಲ್ಲಾಡುತ್ತಿತ್ತಂತೆ. "ಬುಡಕ್ಕೆ ಮಣ್ಣು ಹಾಕಿದ್ರೆ ಗಿಡ ನಿಲ್ತದೆ" ಎಂದು ಸಿಸ್ಟರ್ ದಿನಕ್ಕೆ ಅರ್ಧ ಗಂಟೆ ಶಾಲೆ ಬಿಟ್ಟ ಮೇಲೆ ಕೂರಿಸಿಕೊಳ್ಳುತ್ತಾರೆ. ಹಾಡಿನ ಅಭ್ಯಾಸಕ್ಕೆ ಮೊದಲು ಲೆಕ್ಕ, ಲೆಕ್ಕ ಮುಗಿದರೆ ಹಾಡು. ಮನೆಯಲ್ಲಿ ನಾವಿಬ್ಬರೂ ಅಡಿಗೆಮನೆಯಲ್ಲಿ ಎದುರುಬದುರು ಕುಳಿತು ಸೌಟು ಲೋಟ ಬಡಿದು ಬಡಿದು ಎಷ್ಟು ಗಲಾಟೆ ಮಾಡುತ್ತೇವೆ ಎಂದರೆ ಪಕ್ಕದ ಮನೆ ಸರಸ್ವತಮ್ಮ ಕಾಂಪೌಂಡಿನಿಂದ "ಏನ್ರೀ ನರಸಿಂಹಯ್ನೋರೇ, ಮನೇಲಿ ಹುಲಿವೇಷ ಕಟ್ಟಿದೀರಾ?" ಎಂದು ಕೇಳುತ್ತಾರೆ. ಕುಮಾರಿ ಒಳಗಿನಿಂದಲೇ "ಇಲ್ಲ ಆಂಟಿ, ಹೋಂವರ್ಕು!" ಎನ್ನುತ್ತಾಳೆ. ಜನವರಿ ಪರೀಕ್ಷೆಯಲ್ಲಿ ಐವತ್ತನಾಲ್ಕು ಬಂದಿದೆ. ಜಾಮಿಟ್ರಿಯಲ್ಲಿ ಇನ್ನೂ ಕುಂಟುತ್ತಾಳೆ, ಅದನ್ನು ಮುಚ್ಚಿಡುವುದಿಲ್ಲ. ತ್ರಿಕೋನಕ್ಕೆ ತಾಳ ಹಾಕುವುದು ನನಗೂ ಬರುವುದಿಲ್ಲ.

ಚಿತ್ರದುರ್ಗದ ಮಾತು ಅವಳು ತಾನಾಗಿ ಎತ್ತಿಲ್ಲ. ನಾನೇ ಕೇಳಿದ್ದಕ್ಕೆ "ಅಮ್ಮ ಬಾ ಅಂದ್ರೆ ಹೋಗ್ತೀನಿ ತಾತ. ಅಲ್ಲಿ ಹಾಡೋಕೆ ಯಾರಾದ್ರೂ ಇರ್ತಾರಾ?" ಎಂದಳು. ಅಷ್ಟೇ. ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ಗಂಗೂ, ನೀನು ಯಾಕೆ ಹೆದರುತ್ತೀಯ ಎಂದು ನನಗೆ ಗೊತ್ತಿಲ್ಲ ಎಂದುಕೊಳ್ಳಬೇಡ. ಡಾಕ್ಟರ್ ಆಗಬೇಕೆಂದಿದ್ದವಳು ನೀನು. ಲೆಕ್ಕ ಕೈಕೊಟ್ಟಿತು. ಆಗ ಹಾಡು ನಿಲ್ಲಿಸಿದರೆ ಲೆಕ್ಕ ಬರುತ್ತದೆ ಎಂದು ಯಾರು ಹೇಳಿದ್ದು? ನಾನು. ನಿಮ್ಮಮ್ಮ ಅಕ್ಕಯಮ್ಮ ರಾಗಿ ಬೀಸುವಾಗ ನೀನು ಪಕ್ಕದಲ್ಲಿ ಕುಳಿತು ದನಿ ಸೇರಿಸುತ್ತಿದ್ದೆ. ಎದ್ದು ಹೋಗಿ ಓದು ಎಂದು ಗದರಿ ಕಳಿಸಿದೆ. ಎಸ್ಸೆಸ್ಸೆಲ್ಸಿ ವರ್ಷವಿಡೀ ಮನೆಯಲ್ಲಿ ಒಂದು ಹಾಡಿಲ್ಲ. ನಿಮ್ಮಮ್ಮನೂ ಬಾಯಿ ಮುಚ್ಚಿಕೊಂಡು ಬೀಸಿದಳು. ಹಾಡು ಹೋಯಿತು, ಲೆಕ್ಕ ಬರಲಿಲ್ಲ. ನೀನು ಒಂದು ದಿನವೂ ನನ್ನನ್ನು ಅದಕ್ಕೆ ಬೈದಿಲ್ಲ. ನಿನ್ನ ಅಕ್ಟೋಬರಿನ ಕಾಗದ ಓದಿದಾಗ ಅಕ್ಷರ ನಿನ್ನದು, ಮಾತು ಮಾತ್ರ ನನ್ನದೇ ಎನಿಸಿತು. ಅದಕ್ಕೇ ಈ ಸಲ ನನ್ನ ಮಾತನ್ನು ನಾನೇ ಮೀರಿದ್ದೇನೆ. ನಿನ್ನ ಮಾತು ಮೀರಿದೆ ಎಂದು ತಿಳಿಯಬೇಡ.

ಅಳಿಯಂದಿರಿಗೆ ನನ್ನ ನೆನಪು ತಿಳಿಸು. ಕಾಲಿಗೆ ಬಿಸಿನೀರು, ಮರೆಯಬೇಡ. ನಿಮ್ಮಿಬ್ಬರಿಗೂ ನಮ್ಮ ಗುಡ್ಡದ ಸ್ವಾಮಿ ಒಳ್ಳೆಯದು ಮಾಡಲಿ, ನಾನು ಕೇಳಿಕೊಂಡು ಬಂದಿದ್ದೇನೆ. ನಾನು ಕೇಳಿದ್ದನ್ನು ಆತ ಪೂರ್ತಿ ಅಲ್ಲದಿದ್ದರೂ ಐವತ್ತನಾಲ್ಕರಷ್ಟಾದರೂ ಕೊಡುತ್ತಾನೆ.

ನಿನ್ನ ಅಪ್ಪ,
ನರಸಿಂಹಯ್ಯ

ತಾ.ಕ.: ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ನೀನು ಸಹಿ ಹಾಕಿ ಕಳಿಸಿದ್ದ ಟಿ.ಸಿ. ಅರ್ಜಿಯನ್ನು ನಾನು ಶಾಲೆಗೆ ಕೊಟ್ಟಿಲ್ಲ. ಹರಿದೂ ಹಾಕಿಲ್ಲ, ಅದು ನಿನ್ನ ಸಹಿ, ನನಗೆ ಅಧಿಕಾರವಿಲ್ಲ. ಈ ಕವರಿನಲ್ಲೇ ಮಡಿಸಿ ಇಟ್ಟಿದ್ದೇನೆ. ಫೆಬ್ರವರಿ ಹದಿಮೂರು, ಶನಿವಾರ, ಪೇರೆಂಟ್ಸ್ ಡೇ. ಕುಮಾರಿ ಇಡೀ ಕ್ವಾಯರಿನ ಮುಂದೆ ನಿಂತು ತಾಳ ಹಿಡಿಯುತ್ತಾಳೆ, ಒಂದು ಸಾಲು ತಾನೊಬ್ಬಳೇ ಹಾಡುತ್ತಾಳೆ. ಅವಳು ಹಾಡುವುದನ್ನು ನೀನು ಕೇಳಿ ಎರಡು ವರ್ಷವಾಯಿತು. ಎರಡು ದಿನ ರಜೆ ಹಾಕಿ ಬಾ. ಅರ್ಜಿಯನ್ನೂ ತೆಗೆದುಕೊಂಡು ಬಾ, ಕೊಡಲೇಬೇಕು ಅನಿಸಿದರೆ ನೀನೇ ನಿನ್ನ ಕೈಯಾರೆ ಕೊಡು, ನಾನು ಅಡ್ಡ ಬರುವುದಿಲ್ಲ. ಹಾಡು ನಾಲ್ಕು ಗಂಟೆಗೆ. ಆಫೀಸು ಐದೂವರೆಯ ತನಕ ತೆರೆದಿರುತ್ತದೆ, ವಿಚಾರಿಸಿದ್ದೇನೆ.